ಭಂಡಾರದ ವರಹ: ಷಡ್ಡಕನ ಅಂಗೈ

ರೂಪಾಯಿ ಮತ್ತೆ ನೆಲಕ್ಕೆ ಬಿತ್ತು.

ಠಾಣೆಯ ಹಾಸುಗಲ್ಲಿನ ಮೇಲೆ ಖಣ್ ಎಂದು ಸದ್ದು ಮಾಡಿ, ಉರುಳಿಕೊಂಡು ಹೋಗಿ, ಕಂಬಿ ಕೋಣೆಯ ಸರಳಿಗೆ ಬಡಿದು ನಿಂತಿತು. ಒಳಗೆ ಕೂತಿದ್ದ ಮಕ್ಬುಲಸಾಬ ಸರಳಿನ ಸಂದಿಯಿಂದ ಕೈ ಚಾಚಿ ಅದನ್ನು ಎತ್ತಿಕೊಂಡು, ಧೂಳು ಒರೆಸಿ, ಜಮಾದಾರ ಗವಿಸಿದ್ದಪ್ಪನಿಗೆ ವಾಪಸು ಕೊಟ್ಟ. ಕಳ್ಳನೆಂದು ಹಿಡಿದು ತಂದವನೇ ಪೊಲೀಸರ ರೂಪಾಯಿ ಎತ್ತಿಕೊಡುವುದನ್ನು ನೋಡಿ ಬಾಗಿಲಲ್ಲಿದ್ದ ಪೇದೆ ಮೀಸೆಯೊಳಗೇ ನಕ್ಕ.

"ಗಟ್ಟಿ ಹಿಡೀಬ್ಯಾಡ್ರಿ ಜಮಾದಾರ್ರ," ಅಂದ ಮಕ್ಬುಲಸಾಬ. "ಗಟ್ಟಿ ಹಿಡದ್ರ ಮುಷ್ಟಿ ಆಕ್ಕೈತಿ. ಮುಷ್ಟಿ ಕಂಡ್ರ ಮಂದಿ ಒಳಗ ಏನೋ ಐತಿ ಅಂತಾರ. ಹೆಬ್ಬೆರಳಿನ ಬುಡದಾಗ ಮಾಂಸ ಐತಲ್ಲ, ಅದು ಒಂದ ಹಿಡೀಬೇಕು. ಉಳಿದ ಬೆರಳಿಗೆ ಆ ಸುದ್ದಿನ ಗೊತ್ತಿರಬಾರದು."

ಗುರುಲಿಂಗಮ್ಮನ ಮನೆದೇವರ ಚೀಲದಿಂದ ಚಿನ್ನದ ವರಹ ಮಾಯವಾಗಿ, ಅದರ ಜಾಗದಲ್ಲಿ ಹಿತ್ತಾಳೆಯ ಬಿಲ್ಲೆ ಸಿಕ್ಕು, ಅವತ್ತು ಆ ಮನೆಗೆ ಬಂದಿದ್ದ ಜಾದೂಗಾರ ಮಕ್ಬುಲಸಾಬನ ಕೈಗೆ ಬೇಡಿ ಬಿದ್ದದ್ದು ಓದುಗರಿಗೆ ಗೊತ್ತೇ ಇದೆ.

ಠಾಣೆಯ ಮೇಲಧಿಕಾರಿ ಅಮೀನ್ ಸಾಹೇಬರ ಲೆಕ್ಕ ಸರಳವಾಗಿತ್ತು. ನಾಣ್ಯ ಮಾಯವಾಗಿದೆ, ನಾಣ್ಯ ಮಾಯ ಮಾಡುವವನು ಅಲ್ಲೇ ಇದ್ದ, ಇನ್ನು ತನಿಖೆ ಯಾತಕ್ಕೆ? ಸಂಜೆಯ ಗುಂತಕಲ್ ಗಾಡಿಗೆ ಹತ್ತಿಸಿದರೆ ಅಲ್ಲಿಂದ ರಾಯಚೂರು ಜೈಲು. ಅಲ್ಲಿಗೆ ಹೋದ ಬಡವ ಬೇಗ ತಿರುಗಿ ಬಂದದ್ದನ್ನು ಕೊಪ್ಪಳದಲ್ಲಿ ಯಾರೂ ಕಂಡಿರಲಿಲ್ಲ. ಕುಷ್ಟಗಿಯಲ್ಲಿ ಮಕ್ಬುಲಸಾಬನ ಮುದುಕಿ ತಾಯಿ ಹಜರತಬೀ ಒಬ್ಬಳೇ ಇದ್ದಳು, ಅವಳಿಗೆ ಇನ್ನೂ ಸುದ್ದಿ ಮುಟ್ಟಿರಲಿಲ್ಲ.

ಗವಿಸಿದ್ದಪ್ಪ ಅಮೀನರ ಮುಂದೆ ನಿಂತು ಗಾಡಿ ಬರುವವರೆಗಾದರೂ ಪುರಸೊತ್ತು ಕೊಡಿರೆಂದು ಕೇಳಿದ್ದ. ಕೈಚಳಕ ಏನೆಂದು ತಾನೇ ಕಲಿತು ನೋಡುತ್ತೇನೆ, ವರಹ ಬದಲಿಸಿದವನು ಮಕ್ಬುಲಸಾಬನೋ ಇನ್ನೊಬ್ಬನೋ ಆಗ ಗೊತ್ತಾಗುತ್ತದೆ ಅಂದಿದ್ದ. ಅಮೀನ್ ಸಾಹೇಬರು ಹೊಟ್ಟೆ ಹಿಡಿದುಕೊಂಡು ನಕ್ಕು, ಕಲಿ ಮಾರಾಯ, ಪಿಂಚಣಿಯಾದ ಮೇಲೆ ಸಂತೆಯಲ್ಲಿ ಕೂತರೆ ಉಪಯೋಗಕ್ಕೆ ಬಂದೀತು ಎಂದು ಒಪ್ಪಿ ಊಟಕ್ಕೆ ಹೋಗಿದ್ದರು.

ಜಮಾದಾರನಿಗೆ ಮಕ್ಬುಲಸಾಬನ ಮೇಲೆ ಕರುಣೆ ಇತ್ತು, ಇಲ್ಲವೆನ್ನಲಾಗದು. ಆದರೆ ಕರುಣೆಗಾಗಿ ಯಾವ ಜಮಾದಾರನೂ ಊಟ ಬಿಟ್ಟು ನೆಲದ ಮೇಲೆ ಕೂತು ರೂಪಾಯಿ ಬೀಳಿಸುವುದಿಲ್ಲ. ಅವನ ಹೊಟ್ಟೆಯೊಳಗೆ ಬೇರೊಂದು ಬೆಂಕಿ ಉರಿಯುತ್ತಿತ್ತು. ವರಹ ಕದ್ದವನು ತನ್ನ ಷಡ್ಡಕ ವಿರೂಪಾಕ್ಷಪ್ಪನೇ ಆಗಿರಬೇಕೆಂದು ಅವನು ಮನಸಾರೆ ಬಯಸಿದ್ದ.

ಗುರುಲಿಂಗಮ್ಮನಿಗೆ ಇಬ್ಬರು ಹೆಣ್ಣುಮಕ್ಕಳು. ಹಿರಿಯವಳ ಗಂಡ ವಿರೂಪಾಕ್ಷಪ್ಪ, ಗಂಗಾವತಿಯಲ್ಲಿ ಬಟ್ಟೆ ಅಂಗಡಿ. ಕಿರಿಯವಳು ಪಂಪಾವತಿ, ಅವಳ ಗಂಡ ನಮ್ಮ ಗವಿಸಿದ್ದಪ್ಪ. ಅತ್ತೆಯ ಮನೆಯಲ್ಲಿ ಮೊದಲ ಹೋಳಿಗೆ ಬೀಳುತ್ತಿದ್ದುದು ಹಿರಿಯಳಿಯನ ಎಲೆಗೆ, ಅದರ ಮೇಲೆ ತುಪ್ಪ ಹರಿಯುತ್ತಿದ್ದುದೂ ಅಲ್ಲೇ. ಹಿರೇ ಅಳಿಯ ನಕ್ಕರ ಮನಿ ತುಂಬತೈತಿ ಎಂದು ಗುರುಲಿಂಗಮ್ಮ ಓಣಿಯವರ ಮುಂದೆ ಹೇಳಿಕೊಳ್ಳುತ್ತಿದ್ದಳು. ಕಿರಿಯಳಿಯ ನಕ್ಕರೆ ಏನಾಗುತ್ತದೆಂದು ಅವಳು ಯಾವತ್ತೂ ಹೇಳಿರಲಿಲ್ಲ.

ಅದನ್ನೂ ಸಹಿಸಿಕೊಳ್ಳಬಹುದಿತ್ತು. ಸಹಿಸಲಾಗದ್ದು ಪಂಪಾವತಿಯ ನಗು. ವಿರೂಪಾಕ್ಷಪ್ಪ ಒಂದು ಮಾತು ಆಡಿದರೆ ಅವಳು ಕಣ್ಣಲ್ಲಿ ನೀರು ಬರುವವರೆಗೆ ನಗುತ್ತಿದ್ದಳು. ಅದೇ ಮಾತನ್ನು ಗವಿಸಿದ್ದಪ್ಪ ಮನೆಗೆ ಬಂದು ಹೇಳಿ ನೋಡಿದ್ದ. ಊಟಕ್ಕ ಏಳ್ರಿ, ಸಾರು ಆರತೈತಿ ಅಂದಿದ್ದಳು. ಷಡ್ಡಕನ ಮಾತು, ಷಡ್ಡಕನ ರೇಷ್ಮೆ ರುಮಾಲು, ಷಡ್ಡಕನ ಟಾಂಗಾ, ಎಲ್ಲವೂ ಅವನಿಗೆ ಕಣ್ಣಲ್ಲಿ ಬಿದ್ದ ಕಸದ ಹಾಗಿದ್ದವು.

"ಮತ್ತ ನೋಡ್ರಿ," ಅಂದ ಮಕ್ಬುಲಸಾಬ. "ಮೊದಲ ಸುಳ್ಳು ಕಲೀಬ್ಯಾಡ್ರಿ. ಖರೇನ ರೂಪಾಯಿ ಬಲಗೈಯಿಂದ ಎಡಗೈಗೆ ಕೊಡ್ರಿ. ಕೊಡುವಾಗ ಮೊಣಕೈ ಎಷ್ಟು ಏಳತೈತಿ, ಕಣ್ಣು ಎಲ್ಲಿ ಇರತಾವ, ಅದನ್ನ ನೋಡಿಕೊಳ್ರಿ. ಆಮ್ಯಾಲ ಹಂಗ ಮಾಡ್ರಿ, ಆದರ ಕೊಡಬ್ಯಾಡ್ರಿ. ಇಷ್ಟ ವಿದ್ಯೆ."

ಎಡಗೈಗೆ ದುಡ್ಡು ಕೊಡುವುದೇ ಅಪಶಕುನವಲ್ಲವೇ ಎಂದು ಗವಿಸಿದ್ದಪ್ಪ ಕೇಳಿದ. ಮಕ್ಬುಲಸಾಬನ ಮುಖದಲ್ಲಿ ಅವತ್ತು ಮೊದಲ ಸಲ ಕಳೆ ಬಂತು. ಅದೇ ತನ್ನ ಬಂಡವಾಳ ಅಂದ. ನಮ್ಮ ಕಡೆ ದುಡ್ಡು ಎಡಗೈಗೆ ಹೋದರೆ ನೋಡುವವರ ಕಣ್ಣೆಲ್ಲ ಎಡಗೈಗೇ ಹೋಗುತ್ತದೆ, ಇವನಿಗೆ ರೀತಿ ರಿವಾಜು ಗೊತ್ತಿಲ್ಲವಲ್ಲ ಎಂದು. ಅಷ್ಟರಲ್ಲಿ ಬಲಗೈ ತನ್ನ ಕೆಲಸ ಮುಗಿಸಿಕೊಂಡಿರುತ್ತದೆ. ಅರ್ಧ ಜಾದೂ ನಿಮ್ಮ ಹಿರಿಯರೇ ಮಾಡಿಟ್ಟು ಹೋಗಿದ್ದಾರೆ ಎಂದು ನಕ್ಕ.

ಗವಿಸಿದ್ದಪ್ಪ ಕೊಟ್ಟ ಹಾಗೆ ಮಾಡಿ ಕೊಡಲಿಲ್ಲ. ಚಾರ್ಮಿನಾರಿನ ಚಿತ್ರವಿದ್ದ ನಿಜಾಮರ ಹಾಲಿ ರೂಪಾಯಿ ಈ ಸಲ ಬಲ ಅಂಗೈಯಲ್ಲಿ ನಿಂತಿತು. ಎಡಮುಷ್ಟಿಯನ್ನು ಮುಂದೆ ಚಾಚಿ ಹೆಮ್ಮೆಯಿಂದ ಪೇದೆಯ ಕಡೆ ನೋಡಿದ. ಪೇದೆ ಜಮಾದಾರನ ಬಲಗೈಯನ್ನೇ ನೋಡುತ್ತಿದ್ದ.

ತಪ್ಪೆಲ್ಲಿ ಎಂದು ಮಕ್ಬುಲಸಾಬ ಹೇಳಿದ. ಜಮಾದಾರರ ಕೈ ಸುಳ್ಳು ಹೇಳುತ್ತಿದೆ, ಕಣ್ಣು ಚಾಡಿ ಹೇಳುತ್ತಿದೆ. ಹೊಸದಾಗಿ ಕಲಿಯುವವರೆಲ್ಲ ಬಚ್ಚಿಟ್ಟ ಕೈಯನ್ನೇ ನೋಡುತ್ತಾರೆ, ಬಿದ್ದೀತೆಂಬ ಹೆದರಿಕೆಗೆ. ಖಾಲಿ ಕೈಯನ್ನು ನಂಬಿಕೆಯಿಂದ ನೋಡಲು ಕಲಿಯುವುದಕ್ಕೆ ತನಗೇ ಒಂದು ಮಳೆಗಾಲ, ಒಂದು ಬೇಸಿಗೆ ಹಿಡಿದಿತ್ತು ಅಂದ.

"ಸರಿ ಬಿಡು," ಅಂದ ಗವಿಸಿದ್ದಪ್ಪ. "ವರಹ ಹ್ಯಾಂಗ ಬದಲಾತು, ಅದನ್ನ ಹೇಳು."

ಮಕ್ಬುಲಸಾಬ ಗೋಡೆಗೆ ಒರಗಿದ. ತಾನು ಮಾಡಿಲ್ಲ ಎಂಬುದನ್ನು ಅವನು ಮತ್ತೆ ಹೇಳಲಿಲ್ಲ, ಹೇಳಿ ಹೇಳಿ ಸಾಕಾಗಿತ್ತು. ಮಾಡುವುದಾದರೆ ಹೇಗೆ ಎಂಬುದನ್ನು ಮಾತ್ರ ಹೇಳಿದ.

ಗುರುಲಿಂಗಮ್ಮನ ಮನೆಯವರು ಮೈಲಾರದ ಒಕ್ಕಲು. ವರ್ಷಕ್ಕೊಮ್ಮೆ ಭಂಡಾರದ ಚೀಲದಿಂದ, ಅಂದರೆ ದೇವರ ಅರಿಶಿನಪುಡಿ ತುಂಬಿದ ಚೀಲದಿಂದ, ಹಿರಿಯರ ಕಾಲದ ವರಹವನ್ನು ಹೊರಗೆ ತೆಗೆಯುತ್ತಾರೆ. ಅದು ನೆಲ ಮುಟ್ಟಬಾರದು. ಕೈಯಿಂದ ಕೈಗೆ ಹೋಗಬೇಕು. ಪಡೆದವರು ಎರಡೂ ಅಂಗೈ ಜೋಡಿಸಿ, ತಲೆ ಬಾಗಿಸಿ, ಅದನ್ನು ಎರಡೂ ರೆಪ್ಪೆಗಳಿಗೆ ಒತ್ತಿಕೊಂಡು ಮುಂದಿನವರಿಗೆ ಕೊಡಬೇಕು. ಉಳಿದವರು ಅಷ್ಟು ಹೊತ್ತು ಕೈಮುಗಿದು ಕಣ್ಣು ಮುಚ್ಚಿರಬೇಕು. ರೆಪ್ಪೆಗೆ ಹತ್ತಿದ ಅರಿಶಿನವನ್ನು ಸಂಜೆಯವರೆಗೆ ಒರೆಸುವಂತಿಲ್ಲ.

"ಇದಕ್ಕಿಂತ ಛಲೋ ಜಾಗ ನನಗ ಯಾವ ಸಂತ್ಯಾಗೂ ಸಿಕ್ಕಿಲ್ರಿ," ಅಂದ ಮಕ್ಬುಲಸಾಬ. "ಕದಿಯಾಂವ ಎರಡೂ ಕೈ ಮುಖದ ಮುಂದ ಹಿಡದಾನ, ನೋಡೋರೆಲ್ಲ ಕಣ್ಣು ಮುಚ್ಚ್ಯಾರ. ಬದಲಿ ಬಿಲ್ಲಿ ಬೆರಳಸಂದ್ಯಾಗ ಇದ್ರ ಸಾಕು."

ಅವನು ಎರಡು ಸಣ್ಣ ತಾಮ್ರದ ಪೈಗಳನ್ನು ಹಾಗೆ ಬದಲಿಸಿ ತೋರಿಸಿದ. ಗವಿಸಿದ್ದಪ್ಪ ಕಣ್ಣು ಬಿಟ್ಟುಕೊಂಡೇ ಇದ್ದ, ಆದರೂ ಅವನಿಗೆ ಏನೂ ಕಾಣಲಿಲ್ಲ. ಇಷ್ಟು ಚೆಂದವಾಗಿ ಮಾಡುವವನು ಒಂದು ಕಡೆ, ಒಂದು ಸಲವೂ ಸರಿಯಾಗಿ ಮಾಡಲಾರದ ತಾನು ಒಂದು ಕಡೆ ಎಂದು ಅವನಿಗೆ ಕೈದಿಯ ಮೇಲೂ ಸ್ವಲ್ಪ ಹೊಟ್ಟೆಕಿಚ್ಚು ಬಂತು. ಅವನ ಸ್ವಭಾವವೇ ಅದು, ಏನು ಮಾಡುವುದು?

ಬದಲಿ ನಾಣ್ಯ ಅಸಲಿಗಿಂತ ಹೆಚ್ಚು ಹೊಳೆಯಬಾರದು ಎಂದು ಮಕ್ಬುಲಸಾಬ ಹಾಗೇ ಮಾತು ಮುಂದುವರಿಸಿದ. ಕೈದಾಟಿ ಬಂದ ವರಹಕ್ಕೆ ಅರಿಶಿನ ಕಡಿಮೆಯಾಗಿರುತ್ತದೆ, ಬದಲಿಗೂ ಅಷ್ಟೇ ಕಡಿಮೆ ಸವರಬೇಕು. ತಾನಾಗಿದ್ದರೆ ಒರೆಸಿಯೇ ಬಿಡುತ್ತಿದ್ದೆ. ಆದರೆ ಆ ಮನೆಯಲ್ಲಿ ಹುಟ್ಟಿ ಬೆಳೆದವರಿಗೆ, ಅಲ್ಲಿ ಉಂಡವರಿಗೆ ಅದು ಆಗುವುದಿಲ್ಲ. ದೇವರೆಂದು ಕೊಡುವುದನ್ನು ಬೋಳಾಗಿ ಕೊಡುವುದಕ್ಕೆ ಜೀವ ಹೆದರುತ್ತದೆ. ಕದಿಯುವಾಗಲೂ ಅವರು ದಪ್ಪಗೆ ಭಂಡಾರ ಬಳಿದೇ ಕೊಡುತ್ತಾರೆ ಅಂದ.

ಗವಿಸಿದ್ದಪ್ಪನ ಕೈಯಲ್ಲಿದ್ದ ರೂಪಾಯಿ ಅಲ್ಲೇ ನಿಂತಿತು.

ಅವನು ಅವತ್ತಿನ ಸಾಲನ್ನು ಕಣ್ಣ ಮುಂದೆ ತಂದುಕೊಂಡ. ಮೊದಲು ಗುರುಲಿಂಗಮ್ಮ, ಆಮೇಲೆ ವಿರೂಪಾಕ್ಷಪ್ಪ, ಆಮೇಲೆ ತಾನು, ತನ್ನ ಪಕ್ಕ ಪಂಪಾವತಿ, ಅವಳ ಪಕ್ಕ ಮನೆಯ ಹಳೆಯ ಆಳು ಮಾರೆವ್ವ, ಕೊನೆಗೆ, ಮನೆಗೆ ಬಂದವನಿಗೂ ದೇವರನ್ನು ತಪ್ಪಿಸಬಾರದೆಂದು, ಮಕ್ಬುಲಸಾಬ. ಹಿರಿಯಳಿಯನ ಹೆಂಡತಿ ಬಾಣಂತಿಯಾಗಿ ಒಳಕೋಣೆಯಲ್ಲಿದ್ದಳು. ವರಹವನ್ನು ಚೀಲಕ್ಕೆ ತಿರುಗಿ ಹಾಕುವಾಗ ಗುರುಲಿಂಗಮ್ಮನ ಕೈಗೆ ಅದು ಹಗುರ ಎನಿಸಿತ್ತು, ದೀಪ ಹಚ್ಚಿದ ಮೇಲೆ ತೆಗೆದು ನೋಡಿದರೆ ಹಿತ್ತಾಳೆ. ಕೊನೆಯಲ್ಲಿ ಹಿಡಿದವನು ಮಕ್ಬುಲಸಾಬ, ಆದ್ದರಿಂದ ಅವನೇ ಕಳ್ಳ.

ಆದರೆ ಮಾರೆವ್ವನ ಕಣ್ಣು? ಅವತ್ತು ಸಂಜೆ ಹಿತ್ತಲಲ್ಲಿ ಪಾತ್ರೆ ತೊಳೆಯುತ್ತ ಕೂತ ಮಾರೆವ್ವನ ರೆಪ್ಪೆಗಳು ಚೆಂಡುಹೂವಿನ ಬಣ್ಣದ್ದಾಗಿದ್ದವು. ಅವನು ನೋಡಿ ನಕ್ಕಿದ್ದ ಕೂಡ. ಅಷ್ಟು ಜನ ಒತ್ತಿಕೊಂಡ ಮೇಲೆ ಅವಳಿಗೆ ಅರಿಶಿನದ ವಾಸನೆಯಾದರೂ ಸಿಗುವುದು ಕಷ್ಟ. ಅಂದರೆ ಮಾರೆವ್ವನ ಕೈಗೆ ಬಂದದ್ದೇ ಹೊಸದಾಗಿ ಭಂಡಾರ ಬಳಿದ ಹಿತ್ತಾಳೆ. ಮಾರೆವ್ವ ತಾನೇ ಬದಲಿಸಿದಳೆನ್ನೋಣವೆಂದರೆ ಅವಳ ಕೈ ಸದಾ ನಡುಗುತ್ತದೆ, ತಂಬಿಗೆ ಹಿಡಿದರೆ ಅರ್ಧ ನೀರು ನೆಲಕ್ಕೆ.

ಕೆಲಸ ಅವಳಿಗಿಂತ ಮೊದಲೇ ಮುಗಿದಿತ್ತು. ಮಕ್ಬುಲಸಾಬ ಮಾಡಿಲ್ಲ.

ನೀ ಮಾಡಿಲ್ಲ ಎಂದು ಜಮಾದಾರ ಬಾಯಿಬಿಟ್ಟು ಹೇಳಿದ ಕೂಡಲೇ ಮಕ್ಬುಲಸಾಬ ಸರಳು ಹಿಡಿದು ಎದ್ದು ನಿಂತ. ಗವಿಸಿದ್ದಪ್ಪನಿಗೂ ಖುಷಿಯಾಗಿತ್ತು, ಆದರೆ ಅದು ಕೈದಿಯ ಬಿಡುಗಡೆಯ ಖುಷಿಯಲ್ಲ. ಮಾರೆವ್ವನಿಗಿಂತ ಮೊದಲು ಉಳಿದವರು ಯಾರು? ಅತ್ತೆ ತನ್ನ ದೇವರನ್ನು ತಾನೇ ಕದಿಯುವುದಿಲ್ಲ. ತಾನು ಕದ್ದಿಲ್ಲ. ಉಳಿದವನು ವಿರೂಪಾಕ್ಷಪ್ಪ.

ಪಂಪಾವತಿಯ ಹೆಸರು ಆ ಲೆಕ್ಕದೊಳಗೆ ಬರಲೇ ಇಲ್ಲ. ಹೆಂಡತಿಯ ಮೇಲೆ ಅನುಮಾನ ಪಡಬೇಕಾದರೆ ಮೊದಲು ಅವಳ ಕಡೆ ನೋಡಬೇಕು. ಅವತ್ತು ಇಡೀ ದಿನ ಅವನು ಷಡ್ಡಕನನ್ನೇ ನೋಡುತ್ತ ಕೂತಿದ್ದ.

ನೆನೆದವರ ಮನದಲ್ಲಿ ಎನ್ನುತ್ತಾರಲ್ಲ, ಅಷ್ಟರಲ್ಲಿ ಠಾಣೆಯ ಮುಂದೆ ಟಾಂಗಾ ನಿಂತಿತು. ಅತ್ತೆ ಕಳಿಸಿದ ಬುತ್ತಿ ಹಿಡಿದುಕೊಂಡು ವಿರೂಪಾಕ್ಷಪ್ಪನೇ ಬಂದ. ರೇಷ್ಮೆ ರುಮಾಲು, ಅತ್ತರು, ಬಾಯಲ್ಲಿ ಎಲೆಯಡಿಕೆ. ಜಮಾದಾರ ನೆಲದ ಮೇಲೆ ರೂಪಾಯಿ ಹಿಡಿದು ಕೂತದ್ದನ್ನು ನೋಡಿ ಅವನಿಗೆ ಸಂಭ್ರಮವೋ ಸಂಭ್ರಮ.

"ಏನ್ ಜಮಾದಾರ್ರ, ಸಾಲಿ ಸುರು ಆಗೇತಿ?" ಅಂದು, ಬುತ್ತಿ ಇಟ್ಟು, ಪಕ್ಕದಲ್ಲೇ ಕೂತ. ಮಾಡಿ ತೋರಿಸಿ ಅಂದ. ಗವಿಸಿದ್ದಪ್ಪ ಮಾಡಬಾರದಿತ್ತು, ಮಾಡಿದ. ರೂಪಾಯಿ ಅಂಗೈಯಿಂದ ಜಾರಿ ಬುತ್ತಿಯ ಗಂಟಿನ ಮೇಲೆ ಬಿತ್ತು. ಪೇದೆ ಈಗ ಮೀಸೆಯ ಹೊರಗೇ ನಕ್ಕ.

"ತರ್ರಿ ಇಲ್ಲಿ," ಅಂದ ವಿರೂಪಾಕ್ಷಪ್ಪ.

ರೂಪಾಯಿಯನ್ನು ಬೆರಳತುದಿಯಲ್ಲಿ ಹಿಡಿದ. ಎಡಗೈಗೆ ಕೊಟ್ಟ. ಎಡಮುಷ್ಟಿಯನ್ನು ಮಗುವಿನ ಮುಖ ನೋಡುವ ಹಾಗೆ ನೋಡಿದ. ಬಲಗೈಯಿಂದ ನಿಧಾನವಾಗಿ ರುಮಾಲು ಸರಿಪಡಿಸಿಕೊಂಡ. ಆಮೇಲೆ ಎಡಗೈ ತೆರೆದ. ಖಾಲಿ. ಪೇದೆ ಭಲೇ ಅಂದ. ವಿರೂಪಾಕ್ಷಪ್ಪ ರುಮಾಲಿನ ಮಡಿಕೆಯಿಂದ ರೂಪಾಯಿ ತೆಗೆದು ಜಮಾದಾರನ ತೊಡೆಯ ಮೇಲೆ ಇಟ್ಟ.

ಗವಿಸಿದ್ದಪ್ಪನಿಗೆ ಮೈಯೆಲ್ಲ ಉರಿಯಿತು. ಮಧ್ಯಾಹ್ನದಿಂದ ಬೆವರು ಸುರಿಸಿದ್ದು ಇವನು, ಭಲೇ ಸಿಕ್ಕಿದ್ದು ಅವನಿಗೆ. ಇಲ್ಲೂ ಮೊದಲ ಹೋಳಿಗೆ ಅವನ ಎಲೆಗೇ ಬಿತ್ತು. ಆದರೆ ಉರಿಯ ಹಿಂದೆಯೇ ತಣ್ಣನೆಯ ಒಂದು ಸಂತೋಷ ಎದ್ದಿತು. ಷಡ್ಡಕ ಒಂದು ಸಲವೂ ಬಲಗೈಯನ್ನು ನೋಡಿರಲಿಲ್ಲ. ಇದು ಈಗ ಕಲಿತದ್ದಲ್ಲ.

ಅವನು ಮಕ್ಬುಲಸಾಬನ ಕಡೆ ನೋಡಿದ. ಗುರುವಿಗೆ ಆಶ್ಚರ್ಯವಾಗಬೇಕಿತ್ತು. ಮಕ್ಬುಲಸಾಬ ತಲೆ ತಗ್ಗಿಸಿ ಚಾಪೆಯ ಎಳೆ ಕೀಳುತ್ತಿದ್ದ.

ಗವಿಸಿದ್ದಪ್ಪ ಪೇದೆಯನ್ನು ಹೊರಗೆ ಕಳಿಸಿ, ಬಾಗಿಲು ಮುಂದೆ ಮಾಡಿ ಬಂದ. ಆಮೇಲೆ ನಿಂತುಕೊಂಡೇ ಮಾತಾಡಿದ.

"ಎಷ್ಟ ವರ್ಷದಿಂದ ಮಾಡತೀರಿ ಅಣ್ಣಾರ ಇದನ್ನ?"

"ಯಾವುದನ್ನ?"

"ಕೈ ಆಡಸೋದನ್ನ. ಹೊಸಬರು ಬಚ್ಚಿಟ್ಟ ಕೈ ನೋಡತಾರ. ನೀವು ನೋಡಲಿಲ್ಲ."

ವಿರೂಪಾಕ್ಷಪ್ಪ ನಕ್ಕ. ನಗು ಎಂದಿನಷ್ಟು ಉದ್ದ ಹೋಗಲಿಲ್ಲ. ಅಂಗಡಿಯವನ ಕೈ, ಬಟ್ಟೆ ಅಳೆದೂ ಅಳೆದೂ ಚುರುಕಾಗಿದೆ ಎಂದು ಏನೋ ಹೇಳಿದ. ಗವಿಸಿದ್ದಪ್ಪ ಬಿಡಲಿಲ್ಲ. ಮಾರೆವ್ವನ ಹಳದಿ ರೆಪ್ಪೆಯ ಸಂಗತಿಯನ್ನು ಒಂದೊಂದಾಗಿ ಬಿಡಿಸಿ ಮುಂದಿಟ್ಟ. ಹೇಳುತ್ತ ಹೇಳುತ್ತ ಅವನ ದನಿಗೆ ರುಚಿ ಹತ್ತಿತು. ಬೀಗರ ಮುಂದೆ, ಅತ್ತೆಯ ಮುಂದೆ, ಪಂಪಾವತಿಯ ಮುಂದೆ ಇದನ್ನೇ ಇನ್ನೊಮ್ಮೆ ಹೇಳುವ ದಿನವನ್ನು ಅವನು ಆಗಲೇ ಕಾಣುತ್ತಿದ್ದ.

"ಗೊತ್ತಾತಿಲ್ಲೊ? ಭಂಡಾರ ನಡುವ ಹೊಸದಾಗಿ ಹತ್ತೇತಿ," ಅಂದ. "ನಿಮ್ಮ ಕೈಯಾಗನ ಹತ್ತೇತಿ. ನಿಮ್ಮ ಮಗ್ಗಲದಾಗ ನಾನ ಕುಂತಿದ್ದೆ. ನನ್ನ ಕಣ್ಣಿಗೂ ದಟ್ಟಗ ಹತ್ತಿತ್ತು."

ವಿರೂಪಾಕ್ಷಪ್ಪ ಬಾಯಲ್ಲಿದ್ದ ಎಲೆಯಡಿಕೆಯನ್ನು ಕಿಟಕಿಯಾಚೆ ಉಗುಳಿ ಬಂದ. ಅವನ ಮುಖ ನಗುವಿಲ್ಲದೆ ಬೇರೆಯವರ ಮುಖದ ಹಾಗೆ ಕಂಡಿತು.

"ನಿಮ್ಮ ಕಣ್ಣಿಗೆ ಹತ್ತಿತ್ತು?" ಅಂದ. "ತಮ್ಮಾ, ಮರತೀರಿ. ಅವತ್ತ ಊಟದ ಪಂಕ್ತ್ಯಾಗ ಅತ್ತಿ ಏನಂದ್ರು? ಹಿರೇ ಅಳಿಯನ ಕಣ್ಣಾಗ ಭಂಡಾರ ಹ್ಯಾಂಗ ತುಂಬೇತಿ ನೋಡ್ರಿ, ಸಣ್ಣಾಂವಗ ಭಕ್ತಿ ಕಮ್ಮಿ, ರೆಪ್ಪಿಗೆ ಒಂದ ಕಾಳೂ ಹತ್ತಿಲ್ಲ ಅಂದ್ರು. ನೀವು ಎಲಿ ಬಿಟ್ಟು ಎದ್ದು ಹೋದ್ರಿ."

ಗವಿಸಿದ್ದಪ್ಪನಿಗೆ ಮರೆತಿರಲಿಲ್ಲ. ಅವಮಾನವನ್ನು ಅವನು ಮನೆಗೆ ಹೊತ್ತುಕೊಂಡು ಹೋಗಿದ್ದ, ರಾತ್ರಿಯೆಲ್ಲ ಅದನ್ನೇ ಮೆಲುಕು ಹಾಕಿದ್ದ. ಅತ್ತೆ ತನ್ನನ್ನು ಅಂದದ್ದು, ಷಡ್ಡಕನನ್ನು ಹೊಗಳಿದ್ದು, ಎಲ್ಲ ನೆನಪಿತ್ತು. ರೆಪ್ಪೆಗೆ ಅರಿಶಿನ ಹತ್ತಿರಲಿಲ್ಲ ಎಂಬುದೊಂದನ್ನು ಮಾತ್ರ ಸಿಟ್ಟು ನುಂಗಿ ಹಾಕಿತ್ತು.

ಹತ್ತಿರಲಿಲ್ಲ ಎಂದರೆ ತನ್ನ ಕೈಗೆ ಬಂದದ್ದು ಇಬ್ಬರು ಒತ್ತಿಕೊಂಡು ಅರಿಶಿನ ಕಳೆದ ಅಸಲಿ ವರಹ. ಷಡ್ಡಕ ಬದಲಿಸಿರಲಿಲ್ಲ. ತಾನು ಅಸಲಿಯನ್ನೇ ಮುಂದೆ ಕೊಟ್ಟಿದ್ದ. ಮಾರೆವ್ವನಿಗೆ ಹೋದದ್ದು ಹಿತ್ತಾಳೆ.

ಅವನ ಮತ್ತು ಮಾರೆವ್ವನ ನಡುವೆ ಒಬ್ಬಳೇ ಕೂತಿದ್ದಳು.

"ಇನ್ನ ಈ ವಿದ್ಯೆ ಯಾರ ಕಡೆ ಕಲ್ತೆ ಅಂದ್ರ," ಅಂದ ವಿರೂಪಾಕ್ಷಪ್ಪ. ಈಗ ಅವನ ದನಿಯಲ್ಲಿ ಗೆದ್ದವನ ಬಿಗಿ ಇರಲಿಲ್ಲ, ಹೇಳಬಾರದ್ದನ್ನು ಹೇಳುವವನ ಸಣ್ಣ ದನಿಯಾಗಿತ್ತು. "ಪಂಪವ್ವ ಕಲಿಸ್ಯಾಳ. ನೀವು ಯಲಬುರ್ಗಾ ಠಾಣ್ಯಾಗ ಇದ್ರಿ, ಆಕಿ ತವರಮನ್ಯಾಗ ಇದ್ದಳು. ಮಧ್ಯಾಹ್ನ ಪಡಸಾಲ್ಯಾಗ ಎಲ್ಲಾರ ಮುಂದ ಕಲಿಸತಿದ್ದಳು, ಅತ್ತಿ ಕುಂತು ನಗತಿದ್ರು. ನನಗ ಇದೊಂದ ಬರತೈತಿ. ಆಕಿಗೆ ಏನೇನ್ ಬರತೈತೋ ನಾ ಹೇಳಲಾರೆ. ಸಣ್ಣಾಕಿ ಇದ್ದಾಗಿಂದ ಈ ಮಕ್ಬುಲಸಾಬನ ಕಡೆ ಕಲ್ತಾಳ. ನಿಮಗ ಮಾಡಿ ತೋರಿಸಿಲ್ಲೇನು?"

ತೋರಿಸಿರಲಿಲ್ಲ.

ಮದುವೆಯಾದ ಇಷ್ಟು ವರ್ಷಗಳಲ್ಲಿ ಅವಳ ಕೈ ರೊಟ್ಟಿ ಬಡಿಯುವುದನ್ನು, ಮಗುವಿನ ತಲೆ ಬಾಚುವುದನ್ನು ಗವಿಸಿದ್ದಪ್ಪ ನೋಡಿದ್ದ. ಆ ಬೆರಳುಗಳಲ್ಲಿ ಇನ್ನೊಂದು ವಿದ್ಯೆ ಇದೆಯೆಂದು ಅವಳು ಅಕ್ಕನ ಗಂಡನಿಗೆ ತೋರಿಸಿದ್ದಳು, ನಗುತ್ತ ಕಲಿಸಿದ್ದಳು, ತನ್ನ ಗಂಡನಿಗೆ ಒಂದು ಮಾತೂ ಹೇಳಿರಲಿಲ್ಲ. ವರಹ ಹೋದದ್ದಕ್ಕಿಂತ ಅದು ಅವನನ್ನು ಹೆಚ್ಚು ಚುಚ್ಚಿತು. ತಾನು ಕೇಳಿದ್ದರೆ ತೋರಿಸುತ್ತಿದ್ದಳೇನೋ. ಕೇಳುವುದಕ್ಕೆ ಅವನಿಗೆ ಪುರಸೊತ್ತು ಎಲ್ಲಿತ್ತು?

"ಖರೇ ಏನು?" ಎಂದು ಅವನು ಸರಳಿನ ಕಡೆ ತಿರುಗಿದ.

ಸ್ವಲ್ಪ ಹೊತ್ತಿನ ಹಿಂದೆ ಬಿಡುಗಡೆಯ ಆಸೆಯಿಂದ ಸರಳು ಹಿಡಿದು ನಿಂತಿದ್ದ ಮಕ್ಬುಲಸಾಬ ಈಗ ಕೂತಲ್ಲೇ ಗೋಡೆಯ ಕಡೆ ಮುಖ ತಿರುಗಿಸಿಬಿಟ್ಟ. ಮಧ್ಯಾಹ್ನದಿಂದ ಇಷ್ಟೆಲ್ಲ ಕಲಿಸಿದವನು ಇದೊಂದನ್ನು ಹೇಳದೆ ಉಳಿಸಿಕೊಂಡಿದ್ದ.

ಬಾಗಿಲು ತೆರೆಯಿತು. ಅಮೀನ್ ಸಾಹೇಬರು ಊಟ, ನಿದ್ದೆ ಎರಡನ್ನೂ ಮುಗಿಸಿ, ಹಲ್ಲಿಗೆ ಕಡ್ಡಿ ಹಾಕಿಕೊಳ್ಳುತ್ತ ಬಂದರು. ಗಾಡಿಯ ಹೊತ್ತಾಯಿತು, ಪೇದೆಗಳು ತಯಾರಾಗಿದ್ದಾರೆ ಅಂದರು. ಷಡ್ಡಕರಿಬ್ಬರ ಮುಖ ನೋಡಿ, ಏನೋ ನಡೆದಿದೆ ಎಂದು ಅವರಿಗೂ ಅನಿಸಿರಬೇಕು.

"ಏನ್ ಜಮಾದಾರ್, ವಿದ್ಯಾ ಬಂತೇನು?" ಎಂದು ಕೇಳಿದರು. "ಈ ಮನುಷ್ಯಾ ಕಳ್ಳ ಹೌದೋ ಅಲ್ಲೋ? ಅಲ್ಲ ಅಂದ್ರ ಯಾರು ಹೇಳು, ಬರದು ಬಿಡತೀನಿ."

ಒಂದು ತಾಸಿನ ಹಿಂದೆ ಈ ಪ್ರಶ್ನೆ ಬಂದಿದ್ದರೆ ಗವಿಸಿದ್ದಪ್ಪ ಎದೆಯುಬ್ಬಿಸಿ ಉತ್ತರ ಕೊಡುತ್ತಿದ್ದ. ಮಾರೆವ್ವನ ರೆಪ್ಪೆಯ ಮಾತು ಹೇಳಿದರೆ ಸಾಕು, ಮಕ್ಬುಲಸಾಬ ಇವತ್ತೇ ಕುಷ್ಟಗಿಗೆ ಹೋಗುತ್ತಾನೆ. ಆದರೆ ಅಮೀನ್ ಸಾಹೇಬರು ಹೆಡ್ಡರಲ್ಲ. ಮಾರೆವ್ವನ ಪಕ್ಕ ಯಾರು ಕೂತಿದ್ದರು ಎಂದು ಕೇಳುತ್ತಾರೆ. ಆಗ ತನ್ನ ಬಾಯಿಂದಲೇ ಹೆಂಡತಿಯ ಹೆಸರು ಹೊರಡಬೇಕು.

ಹೇಳದಿದ್ದರೆ ತಪ್ಪು ಮಾಡದ ಮನುಷ್ಯ ಗಾಡಿ ಹತ್ತುತ್ತಾನೆ.

ಗವಿಸಿದ್ದಪ್ಪ ಬಾಯಿ ತೆರೆದ. ಯಾವ ಮಾತು ಬರುತ್ತದೆಂದು ಅವನಿಗೇ ಗೊತ್ತಿರಲಿಲ್ಲ.

"ಜಮಾದಾರ್ರನ್ನ ಯಾಕ ಕೇಳತೀರಿ ಸಾಹೇಬ್ರ," ಎಂಬ ದನಿ ಸರಳಿನ ಒಳಗಿಂದ ಬಂತು. ಮಕ್ಬುಲಸಾಬ ಎದ್ದು ನಿಂತಿದ್ದ. "ವರಹ ನಾನ ತೊಗೊಂಡೀನಿ. ಬರಕೊಳ್ರಿ."

ಅಮೀನ್ ಸಾಹೇಬರು ಹಲ್ಲಿನ ಕಡ್ಡಿ ಬಿಸಾಡಿ, ನೋಡಿದೆಯಾ ಎನ್ನುವಂತೆ ಗವಿಸಿದ್ದಪ್ಪನ ಬೆನ್ನು ತಟ್ಟಿದರು. ಬೇಡಿ ಹಾಕು ಎಂದು ಹೇಳಿ, ಟಾಂಗಾ ಕರೆಯಲು ಹೊರಗೆ ಹೋದರು.

ಗವಿಸಿದ್ದಪ್ಪ ಬೇಡಿ ತಗೊಂಡು ಕಂಬಿ ಕೋಣೆಯ ಒಳಗೆ ಹೋದ. ಮಕ್ಬುಲಸಾಬ ತಾನಾಗಿ ಎರಡೂ ಕೈ ಮುಂದೆ ಚಾಚಿದ. ತನ್ನ ಹೆಂಡತಿಗಾಗಿ ಒಂದು ಸುಳ್ಳು ಹೇಳುವುದೋ ಬೇಡವೋ ಎಂದು ತಾನು ತೂಗುತ್ತ ನಿಂತಾಗ ಇನ್ನೊಬ್ಬ ಗಂಡಸು ಅದನ್ನು ಹೇಳಿ ಮುಗಿಸಿದ್ದ. ಆ ಕೈಗಳ ಮೇಲೆ ಗವಿಸಿದ್ದಪ್ಪನಿಗೆ ಷಡ್ಡಕನ ಮೇಲೂ ಯಾವತ್ತೂ ಬಂದಿರದಷ್ಟು ಹೊಟ್ಟೆಕಿಚ್ಚು ಬಂತು.

"ಸುಳ್ಳು ಯಾಕ ಹೇಳಿದಿ?" ಎಂದು ಪಿಸುಗುಟ್ಟಿದ.

"ನೀವು ಖರೇ ಹೇಳತಿದ್ರೋ ಸುಳ್ಳ ಹೇಳತಿದ್ರೋ ನನಗ ತಿಳೀಲಿಲ್ರಿ. ತಿಳಿಯೋತನಕ ಕಾಯಾಕ ಧೈರ್ಯ ಸಾಲಲಿಲ್ಲ," ಅಂದ ಮಕ್ಬುಲಸಾಬ. ಆಮೇಲೆ ಇನ್ನೂ ಹತ್ತಿರ ಬಂದ. "ಮನಿಗೆ ಹೋಗಿ ವರಹ ಎಲ್ಲಿಟ್ಟಿ ಅಂತ ಆಕಿನ್ನ ಕೇಳಬ್ಯಾಡ್ರಿ. ಅದು ಆಕಿ ಕಡೆ ಇಲ್ಲ. ಯಾರ ಸಲುವಾಗಿ ತಗದಿ ಅಂತ ಕೇಳ್ರಿ."

ಗವಿಸಿದ್ದಪ್ಪ ತಟ್ಟನೆ ಹಿಂದೆ ತಿರುಗಿದ. ಠಾಣೆಯ ಪಡಸಾಲೆ ಖಾಲಿಯಿತ್ತು. ತೆರೆದ ಬಾಗಿಲಾಚೆ ವಿರೂಪಾಕ್ಷಪ್ಪನ ಟಾಂಗಾ ಆಗಲೇ ಓಣಿಯ ತಿರುವು ದಾಟುತ್ತಿತ್ತು, ಅದು ಹೋಗುತ್ತಿದ್ದುದು ಅತ್ತೆಯ ಮನೆಯ ದಾರಿಯಲ್ಲಲ್ಲ, ಗವಿಸಿದ್ದಪ್ಪನ ಮನೆಯ ದಾರಿಯಲ್ಲಿ.